ಸುರಿದವರನ್ನೂ ಕೇಳಿ

ಅಮೆರಿಕದ ಕಾಲೇಜುಗಳಲ್ಲಿ ಲೈಂಗಿಕ ದೌರ್ಜನ್ಯದ ಮಾತು ಬಂದರೆ ಸಾಕು, ಹುಡುಗಿ ಎಷ್ಟು ಕುಡಿದಿದ್ದಳು ಎಂಬಲ್ಲಿಗೆ ಅದು ಬಂದು ನಿಲ್ಲುತ್ತದೆ. ವಿದ್ಯಾರ್ಥಿನಿಯರು ವಿಪರೀತ ಕುಡಿಯುವುದನ್ನು ಬಿಡಬೇಕೆಂದು ಪತ್ರಕರ್ತೆ ಎಮಿಲಿ ಯೋಫಿ 2013ರಲ್ಲಿ ‘ಸ್ಲೇಟ್’ ಪತ್ರಿಕೆಗೆ ಬರೆದಾಗ ಸ್ತ್ರೀವಾದಿಗಳು ಸಿಡಿದೆದ್ದರು. ತಪ್ಪನ್ನು ನೊಂದವಳ ತಲೆಗೇ ಕಟ್ಟುತ್ತಾರೆ ಎಂಬ ಅವರ ಸಿಟ್ಟು ನ್ಯಾಯವಾದದ್ದು. ಆದರೆ ಆ ಭರದಲ್ಲಿ ಕುಡಿತದ ವಿಷಯವನ್ನೇ ಎತ್ತಬಾರದು ಎಂಬಂತಾಗಿ, ಅದು ಪೂರ್ತಿ ನೀತಿಬೋಧಕರ ಪಾಲಾಯಿತು. ನಷ್ಟವಾದದ್ದು ಸ್ತ್ರೀವಾದಕ್ಕೇ. ಮದ್ಯದ ಬಗ್ಗೆ ಮಾತಾಡಲೇಬೇಕು, ಶುರುಮಾಡಬೇಕಾದದ್ದು ಸುರಿದುಕೊಟ್ಟವರಿಂದ.

1984ರ ಫೆಡರಲ್ ಕಾನೂನು ಹೆದ್ದಾರಿ ಅನುದಾನ ಕಡಿತದ ಬೆದರಿಕೆಯೊಡ್ಡಿ, ಮದ್ಯ ಕೊಳ್ಳುವ ವಯಸ್ಸನ್ನು ರಾಜ್ಯಗಳೆಲ್ಲ 21ಕ್ಕೆ ಏರಿಸುವಂತೆ ಮಾಡಿತು. ಹದಿನೆಂಟಕ್ಕೆ ಕಾಲೇಜು ಸೇರುವವರಿಗೆ ಬಾರಿನ ಬಾಗಿಲು ಮುಚ್ಚಿತು, ಕುಡಿತ ನಿಲ್ಲಲಿಲ್ಲ. ಅದಕ್ಕೆ ಹುಡುಗರ ಸಂಘಗಳಾದ ಫ್ರಾಟರ್ನಿಟಿಗಳ ಮನೆಗಳ ನೆಲಮಾಳಿಗೆಗಳು ಒದಗಿದವು. ಹುಡುಗಿಯರ ಅಂಥದೇ ಸಂಘಗಳಾದ ಸೊರಾರಿಟಿಗಳ ಮನೆಗಳಲ್ಲಿ ಮದ್ಯ ಸಾಮಾನ್ಯವಾಗಿ ನಿಷಿದ್ಧ. ಹೀಗಾಗಿ ಪಾರ್ಟಿ ಎಂದರೆ ಹುಡುಗರ ಮನೆ. ಬಾಗಿಲಲ್ಲಿ ನಿಂತು ಯಾರನ್ನು ಒಳಬಿಡಬೇಕೆಂದು ನೋಡುವವರು ಅವರು. ಕೆಂಪು ಪ್ಲಾಸ್ಟಿಕ್ ಕಪ್ಪಿನ ಹಣ್ಣಿನ ರಸಕ್ಕೆ ವೋಡ್ಕಾ ಎಷ್ಟು ಬೆರೆಸಿದೆಯೆಂದು ಬಲ್ಲವರೂ ಅವರೇ. ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಹಾಸ್ಟೆಲೊಂದರ ಹುಡುಗಿಯರ ಮಹಡಿಯನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದೂ ಇದನ್ನೇ: ಮದ್ಯ, ಜಾಗ, ಹೋಗಿಬರುವ ವಾಹನ, ಮೂರೂ ಹುಡುಗರ ಕೈಯಲ್ಲಿ. ಎಷ್ಟು ಕುಡಿದೆನೆಂಬ ಲೆಕ್ಕ ಕುಡಿದವಳಿಗೇ ಸಿಗದಂಥ ಜಾಗಕ್ಕೆ ಕಳಿಸಿ, ‘ಮಿತಿಯಲ್ಲಿರಮ್ಮ’ ಎನ್ನುವುದು ಎಂಥ ಬುದ್ಧಿವಾದ!

2015ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫ್ರಾಟರ್ನಿಟಿ ಮನೆಯೊಂದರ ಹೊರಗೆ, ಪ್ರಜ್ಞೆಯಿಲ್ಲದೆ ಬಿದ್ದಿದ್ದ ಶನೆಲ್ ಮಿಲ್ಲರ್ ಮೇಲೆ ಅಲ್ಲಿನ ವಿದ್ಯಾರ್ಥಿ ಬ್ರಾಕ್ ಟರ್ನರ್ ಎರಗಿದ್ದನ್ನು ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಸ್ವೀಡಿಷ್ ವಿದ್ಯಾರ್ಥಿಗಳು ಕಂಡು, ಅವನನ್ನು ಹಿಡಿದರು. ಕೋರ್ಟಿನಲ್ಲಿ ಅವನು ಪಾರ್ಟಿ ಸಂಸ್ಕೃತಿಯನ್ನೂ ಕುಡಿತವನ್ನೂ ದೂರಿದ. ಆರು ತಿಂಗಳ ಶಿಕ್ಷೆಯಲ್ಲಿ ಮೂರೇ ತಿಂಗಳು ಒಳಗಿದ್ದು ಬಂದ. ಅವನ ಕುಡಿತ ಅವನಿಗೆ ವಿನಾಯಿತಿ, ಅವಳ ಕುಡಿತ ಅವಳಿಗೆ ಪಾಟೀಸವಾಲು. ವಿಶ್ವವಿದ್ಯಾಲಯ 2016ರಲ್ಲಿ ಪದವಿ ವಿದ್ಯಾರ್ಥಿಗಳ ಪಾರ್ಟಿಗಳಿಂದ ಕಟುಮದ್ಯವನ್ನು ಹೊರಗಿಟ್ಟು, ಹಾಸ್ಟೆಲಿನಲ್ಲಿ ಎಷ್ಟು ದೊಡ್ಡ ಬಾಟಲಿ ಇರಬಹುದೆಂದು ಗಾತ್ರ ಗೊತ್ತುಮಾಡಿತು. ಬಾಟಲಿ ಅಳೆಯುವುದು ಸುಲಭ.

ಮನೆಗೆ ಬೀಗ ಹಾಕಿಕೊಳ್ಳಿ ಎಂದರೆ ಕಳ್ಳನ ಪರ ವಹಿಸಿದಂತಾಯಿತೇ ಎಂದು ಕೇಳುವವರಿದ್ದಾರೆ. ಕಡಿಮೆ ಕುಡಿ ಎಂದು ಗೆಳತಿ ಗೆಳತಿಗೆ ಹೇಳಿದರೆ ಅದು ಬರೀ ಕಾಳಜಿ, ಹೇಳಲಿ. ಆದರೆ ಬೀಗ ಮರೆತವನಿಗೆ ‘ಕಳ್ಳತನಕ್ಕೆ ನೀನೇ ಹೊಣೆ’ ಎಂದು ಯಾವ ಕೋರ್ಟೂ ಹೇಳುವುದಿಲ್ಲ, ಹೆಣ್ಣಿಗೆ ಹೇಳುತ್ತದೆ. ದೆಹಲಿಯ ಬಾರಿನಲ್ಲಿ ಕುಡಿದಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯ ದೂರಿನಲ್ಲಿ ಆರೋಪಿಗೆ ಜಾಮೀನು ಕೊಡುವಾಗ, ತೊಂದರೆಯನ್ನು ಅವಳೇ ಮೈಮೇಲೆ ಎಳೆದುಕೊಂಡಳೆಂದು ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಬರೆಯಿತು. ನಮ್ಮ ಕರ್ನಾಟಕ ಹೈಕೋರ್ಟಿನ 2020ರ ಜಾಮೀನು ಆದೇಶವೊಂದು ಕೂಡ, ದೂರುದಾರಳು ಆರೋಪಿಯೊಂದಿಗೆ ಕುಡಿಯಲು ಆಕ್ಷೇಪಿಸಲಿಲ್ಲ ಎಂಬುದನ್ನು ಎತ್ತಿ ಹೇಳಿತ್ತು. ಅಮಲಿನಲ್ಲಿ, ಪರಿಣಾಮ ತಿಳಿಯದ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲವೆಂದು ನಮ್ಮ ಕಾನೂನು ಸ್ಪಷ್ಟವಾಗಿ ಹೇಳಿದ್ದರೂ ಈ ಗತಿ.

ಇಬ್ಬರೂ ಕುಡಿದಿದ್ದರೆ ಅಪರಾಧಿ ಯಾರು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯದು. ಒಂದು ಗುಟುಕು ಬಿದ್ದರೂ ಒಪ್ಪಿಗೆ ಅಸಿಂಧು ಎನ್ನುವುದು ಅತಿಯೇ, ಒಪ್ಪುತ್ತೇನೆ. ಮಬ್ಬಾಗುವುದು ಬೇರೆ, ನಿಲ್ಲಲಾಗದಿರುವುದು ಬೇರೆ. ಆ ಅಂತರ ಕುಡಿದವನ ಕಣ್ಣಿಗೂ ಕಾಣುತ್ತದೆ, ಸೈಕಲ್ಲಿನಲ್ಲಿ ಹೋಗುತ್ತಿದ್ದವರಿಗೆ ಕತ್ತಲಲ್ಲೂ ಕಂಡಿತು. ಅಮಲೇರಿದವರಿಗೆ ಮತ್ತೆ ಸುರಿದ ಬಾರಿನವನು ಅಮೆರಿಕದ ಹಲವು ರಾಜ್ಯಗಳಲ್ಲಿ ಆಮೇಲಿನ ಅನಾಹುತಕ್ಕೆ ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ಅಂಥದೇ ಹೊಣೆ ಫ್ರಾಟರ್ನಿಟಿ ಮನೆಗೂ ಇರಲಿ; ಸೊರಾರಿಟಿಯವರು ತಮ್ಮ ಮನೆಯಲ್ಲೇ ಪಾರ್ಟಿ ಮಾಡಲಿ. ಇಷ್ಟರಿಂದಲೇ ದೌರ್ಜನ್ಯ ನಿಂತುಹೋಗದು. ಆದರೆ ಮುಂದಿನ ವಿಚಾರಣೆಯಲ್ಲಿ ಎಷ್ಟು ಕಪ್ಪು ಎಂಬ ಪ್ರಶ್ನೆಗೆ ಆ ಮನೆಯವರೂ ಉತ್ತರ ಹೇಳಬೇಕಾಗುತ್ತದೆ.