ಬೀಜ ಕೊಟ್ಟವರನ್ನು ಕೇಳಿದಿರಾ?

ಸ್ವರ್ಣವಲ್ಲಿಗೆ ಸಮೀಪದ ಸೋದೆಯಲ್ಲಿ ವೃಂದಾವನಸ್ಥರಾದ ಶ್ರೀ ವಾದಿರಾಜರು ಕೊಟ್ಟ ಬೀಜದಿಂದಲೇ ಉಡುಪಿಯ ಮಟ್ಟುಗುಳ್ಳ ಬೆಳೆಯಿತೆಂಬುದು ಪ್ರತೀತಿ. ಬೀಜವಿತ್ತವರ ಹೆಸರನ್ನು ಮಟ್ಟುವಿನ ರೈತರು ಶತಮಾನಗಳಿಂದ ಮರೆತಿಲ್ಲ. ವಿದ್ಯಾಸಂಸ್ಥೆಗಳಿಗೆ ಆ ಸೌಜನ್ಯ ಬೇಡವೇ?

2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೋ ಮೊದಲಾದ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ನಾಡಿನ ಬದನೆ ತಳಿಗಳಲ್ಲಿ ಬಿಟಿ ಸಂಶೋಧನೆ ಕೈಗೊಂಡಿತು. ಉಡುಪಿ ಗುಳ್ಳವೂ ಅವುಗಳಲ್ಲೊಂದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆದಿಲ್ಲವೆಂದು 2010ರಲ್ಲಿ ದೂರು ಸಲ್ಲಿಕೆಯಾಯಿತು. 2012ರಲ್ಲಿ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು.

ಅಪರಾಧದ ನಿರ್ಣಯ ನ್ಯಾಯಾಲಯಕ್ಕಿರಲಿ. ಸಂಸ್ಥೆಗಳ ಸಹಯೋಗದ ಸಂಶೋಧನೆಗೆ ಕಾಯ್ದೆಯಲ್ಲೇ ಷರತ್ತಿನ ವಿನಾಯಿತಿಯುಂಟು ಎನ್ನುವವರಿದ್ದಾರೆ. ಇರಬಹುದು. ಆದರೆ ಅದೇ ಕಾಯ್ದೆಯ 41ನೇ ಕಲಮು, ಪ್ರಾಧಿಕಾರ ಹಾಗೂ ಮಂಡಳಿಗಳು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳೊಡನೆ ಸಮಾಲೋಚಿಸಬೇಕೆನ್ನುತ್ತದೆ. ವಿನಾಯಿತಿ ಅನುಮತಿಗೆ ಸಂಬಂಧಿಸಿದ್ದು, ಮರ್ಯಾದೆಗಲ್ಲ. ಇಬ್ಬರು ಸಹಿ ಹಾಕಿ, ಬೀಜದ ಒಡೆಯನಿಗೆ ಪತ್ರಿಕೆಯಿಂದ ಸುದ್ದಿ ತಿಳಿಯುವುದು ಸಹಯೋಗವಲ್ಲ.

ಪ್ರಯೋಗಾಲಯಗಳಲ್ಲಿರುವ ನನ್ನ ಶಿಷ್ಯರೇ, ನಾಳೆ ನಮ್ಮ ಅಪ್ಪೆಮಿಡಿಗೂ ಒಪ್ಪಂದಗಳು ಬಂದಾವು. ಸಹಿ ಹಾಕುವ ಮುನ್ನ ಷರತ್ತುಗಳನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿರಿ, ಬೇಡವೆಂದರೆ ಹಿಂದಿರುಗಿರಿ. ಕೇಳಿ ಪಡೆಯುವುದನ್ನು ನಿಮಗೆ ತರಗತಿಯಲ್ಲಿಯೇ ಕಲಿಸಿದ್ದೆನಲ್ಲವೇ?