ಗಾಳಿ ಗುಡ್ಡಕ್ಕೆ, ಬಿಸಿಲು ಮಾಳಿಗೆಗೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನ ಊರುಗಳಲ್ಲಿ, ಚಿತ್ರದುರ್ಗದ ಜೋಗಿಮಟ್ಟಿಯ ಕೆಳಗೆ ಬದುಕುವವರಿಗೆ ಗಾಳಿಯಂತ್ರ ಹೊಸದಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಗುಡ್ಡದ ನೆತ್ತಿಯ ಮೇಲೆ ಬಿಳಿ ರೆಕ್ಕೆಗಳು ತಿರುಗುತ್ತಿರುತ್ತವೆ. ಆಷಾಢದಲ್ಲಂತೂ ಒಣಗಲು ಹಾಕಿದ ಬಟ್ಟೆ ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಬೀಳುತ್ತದೆ. ಅಷ್ಟು ದೊಡ್ಡ ಯಂತ್ರ ಅಲ್ಲಿ ತಿರುಗುವಾಗ, ಸಣ್ಣದೊಂದನ್ನು ತಮ್ಮ ಮಾಳಿಗೆಯ ಮೇಲೆ ಯಾಕೆ ಕೂರಿಸಬಾರದು ಎಂದು ಆ ಊರಿನವರು ಕೇಳಿದರೆ ಅದು ತೀರಾ ಸಹಜ. ಮಳೆಗಾಲದಲ್ಲಿ ಬಿಸಿಲು ಕೈಕೊಡುವ ಹೊತ್ತಿಗೇ ಗಾಳಿ ಜೋರಾಗುತ್ತದೆ ಎಂಬುದನ್ನು ಕಂಡವರಿಗೆ ಈ ಆಸೆ ಇನ್ನೂ ಬಲವಾಗುತ್ತದೆ.

ಆದರೂ ಬಹುಪಾಲು ಮನೆಗಳಿಗೆ ಸರಿಯಾದ ಉತ್ತರ ಸೋಲಾರ್. ಗಾಳಿಯಲ್ಲಿ ಶಕ್ತಿ ಇಲ್ಲವೆಂದಲ್ಲ. ಆ ಶಕ್ತಿ ಮನೆಯ ಎತ್ತರಕ್ಕೆ ಇಳಿದು ಬರುವುದಿಲ್ಲ.

ಗಾಳಿಯ ವೇಗ ಇಮ್ಮಡಿಯಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಎರಡು ಮೀಟರ್ ಅಗಲದ ಸಣ್ಣ ಗಾಳಿಯಂತ್ರದ ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ ಅದರ ರೆಕ್ಕೆಗಳ ಮೂಲಕ ಹಾಯುವಾಗ ಅದರಲ್ಲಿರುವುದೇ ಸುಮಾರು 50 ವ್ಯಾಟ್. ಎಂಥ ಯಂತ್ರವೂ ಇದರಲ್ಲಿ ಶೇ 59ಕ್ಕಿಂತ ಹೆಚ್ಚನ್ನು ಹಿಡಿಯಲಾರದು ಎಂದು ಜರ್ಮನಿಯ ವಿಜ್ಞಾನಿ ಆಲ್ಬರ್ಟ್ ಬೆಟ್ಜ್ ಶತಮಾನದ ಹಿಂದೆಯೇ ತೋರಿಸಿದರು. ಸಣ್ಣ ಯಂತ್ರಗಳ ಕೈಗೆ ಸಿಗುವುದು ಸಾಮಾನ್ಯವಾಗಿ ಕಾಲುಭಾಗ, ಅಂದರೆ 12 ವ್ಯಾಟ್ ಆಸುಪಾಸು. ಅದು ಒಂದು ಎಲ್‌ಇಡಿ ಬಲ್ಬಿಗಾಗುವಷ್ಟು.

ಗುಡ್ಡದ ಮೇಲಿನ ಹೊಸ ಯಂತ್ರಗಳ ಕಂಬ ನೂರು ಮೀಟರ್ ಹಾಗೂ ಅದಕ್ಕೂ ಮೇಲಿನ ಎತ್ತರಕ್ಕೆ ನಿಲ್ಲುವುದು ಸುಮ್ಮನೆ ಅಲ್ಲ. ನೆಲದ ಹತ್ತಿರ ಮನೆ, ಮರ, ನೀರಿನ ಟ್ಯಾಂಕ್, ಕಾಂಪೌಂಡು ಎಲ್ಲವೂ ಗಾಳಿಯನ್ನು ತಡೆದು ಸುಳಿ ಎಬ್ಬಿಸುತ್ತವೆ. ಮಾಳಿಗೆಯ ಮೇಲೆ ಮುಖಕ್ಕೆ ರಪರಪ ಬಡಿಯುವ ಗಾಳಿ ಜೋರಾಗಿ ತೋರಿದರೂ ದಿಕ್ಕು ತಪ್ಪಿದ ಗಾಳಿ. ಅದರಿಂದ ಬೇರಿಂಗ್ ಸವೆಯುವುದೇ ಹೆಚ್ಚು, ಕರೆಂಟು ಹುಟ್ಟುವುದು ಕಡಿಮೆ. ಸುತ್ತ 300 ಅಡಿಯೊಳಗಿನ ಯಾವ ಮರ, ಕಟ್ಟಡಕ್ಕಿಂತಲೂ ಕನಿಷ್ಠ 30 ಅಡಿ ಮೇಲೆ ಯಂತ್ರ ಇರಬೇಕು ಎಂಬುದು ಈ ಕಸುಬಿನವರ ಹಳೆಯ ಲೆಕ್ಕ. ತೆಂಗಿನ ಮರಗಳ ನಡುವಿನ ಮನೆಯವರು ಇದನ್ನು ಕೇಳಿದರೆ ಸಾಕು, ಬೇರೆ ವಿವರಣೆ ಬೇಕಾಗುವುದಿಲ್ಲ.

ಇದನ್ನು ಪ್ರಯೋಗ ಮಾಡಿಯೇ ನೋಡಿದವರಿದ್ದಾರೆ. ಯುರೋಪಿನಲ್ಲಿ ಗಾಳಿಗೆ ಹೆಸರಾದ ಬ್ರಿಟನ್ನಿನಲ್ಲಿ 2007ರಿಂದ 2009ರವರೆಗೆ ಕಟ್ಟಡಗಳ ಮೇಲೆ ಕೂರಿಸಿದ 26 ಸಣ್ಣ ಯಂತ್ರಗಳನ್ನು ಅಳೆಯಲಾಯಿತು. ವಾರ್ವಿಕ್ ಪ್ರಯೋಗ ಎಂದು ಅದಕ್ಕೆ ಹೆಸರು. ಕೆಟ್ಟು ನಿಂತ ದಿನಗಳನ್ನೂ ಸೇರಿಸಿದರೆ ಒಂದು ಯಂತ್ರದಿಂದ ದಿನಕ್ಕೆ ಸರಾಸರಿ ಸಿಕ್ಕಿದ್ದು 214 ವ್ಯಾಟ್-ಅವರ್. ಒಂದು ಯೂನಿಟ್ ಕೂಡಬೇಕಾದರೆ ಹೆಚ್ಚುಕಡಿಮೆ ಐದು ದಿನ. ಎತ್ತರದ ಕಟ್ಟಡಗಳ ಮೇಲಿನವು ಚೆನ್ನಾಗಿ ತಿರುಗಿದವು ನಿಜ, ಆದರೆ ಸದ್ದು ತಾಳಲಾರದೆ ನಿವಾಸಿಗಳು ದೂರು ಕೊಟ್ಟು ನಿಲ್ಲಿಸಬೇಕಾಯಿತು. ಕರ್ನಾಟಕದಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ಫಲಕ ಸುಮಾರು ನೂರು ಚದರ ಅಡಿ ಜಾಗದಲ್ಲಿ ಸದ್ದಿಲ್ಲದೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ.

ಮನೆಯ ಗಾಳಿಯಂತ್ರಕ್ಕೆ ಜಾಗವೇ ಇಲ್ಲವೇ? ಇದೆ. ಲೈನು ತಲುಪದ ದಿಣ್ಣೆಯ ಮೇಲಿನ ತೋಟದ ಮನೆ, ಸುತ್ತ ಬಯಲು, ಎತ್ತರದ ಕಂಬ ನಿಲ್ಲಿಸುವ ಅನುಕೂಲ, ಜತೆಗೆ ಬ್ಯಾಟರಿ. ಅಂಥಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಸೋಲಾರಿಗೆ ಅದು ಒಳ್ಳೆಯ ಜೊತೆ. ಆದರೆ ಅಲ್ಲಿಯೂ ಒಂದು ವರ್ಷ ಗಾಳಿ ಅಳೆದು ಆಮೇಲೆ ದುಡ್ಡು ಹಾಕುವುದು ಕ್ಷೇಮ. ಗುಡ್ಡದ ಯಂತ್ರಗಳು ಮಳೆಗಾಲದಲ್ಲಿ, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥವು ಬೇಸಿಗೆಯಲ್ಲಿ ರಾಜ್ಯದ ಭಾರ ಹೊರುತ್ತವೆ. ಗಾಳಿ–ಬಿಸಿಲಿನ ಈ ಕೂಡುಬಾಳು ರಾಜ್ಯದ ಮಟ್ಟದಲ್ಲಿ ಚೆಂದವಾಗಿ ನಡೆಯುತ್ತಿದೆ. ಅದನ್ನು 30×40 ಸೈಟಿನೊಳಗೆ ಕಟ್ಟಿಹಾಕಲು ಹೋಗಬೇಕಿಲ್ಲ.

ಹಾಗೆಂದು ಸೋಲಾರನ್ನೂ ಕಣ್ಣು ಮುಚ್ಚಿ ಹಾಕಿಸುವುದು ಸಲ್ಲ. ಮೂರು ಕಿಲೋವ್ಯಾಟ್ ಘಟಕಕ್ಕೆ ಸುಮಾರು 1.8 ಲಕ್ಷದಿಂದ 2 ಲಕ್ಷ ರೂಪಾಯಿ ಆಗುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಮೇಲಿನದಕ್ಕೆ 78,000 ರೂಪಾಯಿ ಸಬ್ಸಿಡಿ ಉಂಟು. ಮೂರು ಕಿಲೋವ್ಯಾಟ್ ಘಟಕ ತಿಂಗಳಿಗೆ ಸರಾಸರಿ 360 ಯೂನಿಟ್ ಕೊಡುತ್ತದೆ. ಅಷ್ಟನ್ನೂ ಬಳಸುವ ಮನೆಗೆ ಯೂನಿಟ್ಟಿಗೆ ಆರು ರೂಪಾಯಿ ಲೆಕ್ಕದಲ್ಲಿ ನಾಲ್ಕೈದು ವರ್ಷದಲ್ಲಿ ಹಾಕಿದ ದುಡ್ಡು ಬರುತ್ತದೆ. ತಿಂಗಳಿಗೆ 150 ಯೂನಿಟ್ ಉರಿಸುವ ಮನೆಗೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ. ಮಿಕ್ಕು ಲೈನಿಗೆ ಹೋದ ಯೂನಿಟ್ಟಿಗೆ ಸಿಗುವ ದರ, ಗ್ರಾಹಕರು ಕಟ್ಟುವ ದರಕ್ಕಿಂತ ಬಹಳ ಕಡಿಮೆ. ಬಿಲ್ಲು ನೋಡದೆ ದೊಡ್ಡ ಘಟಕವೇ ಇರಲಿ ಎಂದು ಒತ್ತಾಯಿಸುವ ಏಜೆಂಟರ ಮಾತಿಗೆ ಮರುಳಾಗಬಾರದು.

ನೆರಳಿನ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದರ ಹಿಂದೊಂದು ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಹೊಸ ಬಡಾವಣೆಗಳಲ್ಲಿ ಇನ್ನೊಂದು ಅಪಾಯವಿದೆ: ಇಂದು ಖಾಲಿ ಇರುವ ದಕ್ಷಿಣದ ಸೈಟಿನಲ್ಲಿ ನಾಳೆ ನಾಲ್ಕು ಅಂತಸ್ತು ಏಳಬಹುದು. ಇಪ್ಪತ್ತೈದು ವರ್ಷ ಬಾಳುವ ಫಲಕ ಕೂರಿಸುವ ಮುನ್ನ ಅತ್ತ ಕಡೆ ಒಮ್ಮೆ ನೋಡಬೇಕು. ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುವ ಡಿಸೆಂಬರಿನಲ್ಲಿ, ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ತಾರಸಿ ಹತ್ತಿ ನಿಂತವರಿಗೆ ಯಾವ ಮೂಲೆ ಬಿಡಬೇಕೆಂದು ತಾನಾಗಿ ತಿಳಿಯುತ್ತದೆ.

ಕರೆಂಟು ಹೋದಾಗ ಸೋಲಾರ್ ಇದ್ದ ಮನೆಯ ಫ್ಯಾನೂ ನಿಲ್ಲುತ್ತದೆ ಎಂಬ ಸಂಗತಿ ಬಹಳ ಜನರಿಗೆ ದುಡ್ಡು ಕೊಟ್ಟ ಮೇಲೆಯೇ ತಿಳಿಯುವುದು. ಲೈನಿಗೆ ಜೋಡಿಸಿದ ಇನ್ವರ್ಟರ್, ಲೈನ್ ಸತ್ತಕೂಡಲೇ ತಾನೂ ನಿಲ್ಲಬೇಕು. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಪವರ್‌ಕಟ್ಟಿಗೆ ಪರಿಹಾರ ಬೇಕಿದ್ದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು, ಅದರ ಖರ್ಚು ಬೇರೆ. ಇದನ್ನು ಮಾರುವವರೇ ಮೊದಲಿಗೆ ಹೇಳಬೇಕು.

ಕರ್ನಾಟಕದಲ್ಲಿ ಈ ನಿರ್ಧಾರಕ್ಕೆ ಇನ್ನೊಂದು ಗಂಟಿದೆ. 2023ರ ಆಗಸ್ಟ್‌ನಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್ ಮಿತಿಯೊಳಗೆ ಬಿಲ್ಲು ಸೊನ್ನೆ. ಆ ಮನೆಗಳಿಗೆ ಅದು ದೊಡ್ಡ ಆಸರೆ, ಅದನ್ನು ಕಿತ್ತುಕೊಳ್ಳುವ ಮಾತೇ ಬೇಡ. ಆದರೆ ಬಿಲ್ಲೇ ಬಾರದ ಮನೆಯವರು ಲಕ್ಷ ರೂಪಾಯಿ ಯಾಕೆ ಹಾಕಿಯಾರು? ಸರ್ಕಾರ ಅವರ ಪರವಾಗಿ ಎಸ್ಕಾಂಗಳಿಗೆ ತಿಂಗಳು ತಿಂಗಳೂ ಕಟ್ಟುವ ಹಣವನ್ನೇ, ಒಪ್ಪಿದವರ ಮಟ್ಟಿಗೆ, ಸೋಲಾರ್ ಸಾಲದ ಕಂತಿಗೆ ತಿರುಗಿಸುವ ದಾರಿ ತೆರೆಯಬೇಕು. ಕಂತು ತೀರಿದ ಮೇಲೆ ಮನೆಯ ಮೇಲೆ ಫಲಕ ಉಳಿಯುತ್ತದೆ, ಖಜಾನೆಯ ಮೇಲಿನ ಭಾರ ಇಳಿಯುತ್ತದೆ.

ಕಂತಿನಲ್ಲಿ ಸೋಲಾರ್ ಈ ನಾಡಿಗೆ ಹೊಸತೂ ಅಲ್ಲ. 1995ರಲ್ಲಿ ಹರೀಶ್ ಹಂದೆ ಅವರು ಸೆಲ್ಕೊ ಸೋಲಾರ್ ಕಂಪನಿ ಕಟ್ಟಿದಾಗ ಹಳ್ಳಿಯ ಬಡವರಿಗೆ ಸೋಲಾರ್ ದೀಪ ದುಬಾರಿ ಎಂಬ ನಂಬಿಕೆ ಗಟ್ಟಿಯಾಗಿತ್ತು. ಗ್ರಾಮೀಣ ಬ್ಯಾಂಕುಗಳ ಸಾಲ, ದುಡಿಮೆಗೆ ಹೊಂದುವ ಕಂತು, ಊರ ಹತ್ತಿರವೇ ರಿಪೇರಿ — ಈ ಮೂರರಿಂದ ಅವರು ಅದು ಸುಳ್ಳೆಂದು ತೋರಿಸಿಕೊಟ್ಟರು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಇನ್ನು ಸ್ವಂತ ತಾರಸಿಯೇ ಇಲ್ಲದವರ ಮಾತು. ಅಪಾರ್ಟ್‌ಮೆಂಟಿನ ಲಿಫ್ಟು, ಪಂಪು, ಹೊರದೀಪಗಳಿಗಾಗಿ ಹಾಕುವ ಘಟಕಕ್ಕೆ ಕೇಂದ್ರದಿಂದ ಕಿಲೋವ್ಯಾಟಿಗೆ 18,000 ರೂಪಾಯಿ ಸಿಗುತ್ತದೆ. ಸಂಘಗಳು ಇದನ್ನು ಮುಂದಿನ ಸಭೆಯಲ್ಲೇ ಚರ್ಚೆಗೆ ತರಬೇಕು. ಬಾಡಿಗೆದಾರರಿಗೆ ಆ ಅವಕಾಶವೂ ಇಲ್ಲ. ಬಡಾವಣೆಯ ಸರ್ಕಾರಿ ಶಾಲೆಯ ಮಾಳಿಗೆ ಮೇಲಿನ ಫಲಕದಲ್ಲಿ ಬಾಡಿಗೆ ಮನೆಯವರೂ ಒಂದು ಪಾಲು ಕೊಂಡು, ಆ ಯೂನಿಟ್ಟನ್ನು ತಮ್ಮ ಬಿಲ್ಲಿನಲ್ಲಿ ಕಳೆದುಕೊಳ್ಳುವ ವ್ಯವಸ್ಥೆ ಸುಲಭವಾಗಬೇಕು, ಮನೆ ಬದಲಿಸಿದಾಗ ಆ ಪಾಲು ಅವರ ಹೊಸ ಆರ್‌ಆರ್ ನಂಬರಿಗೆ ಹೋಗುವಂತಿರಬೇಕು.