ರುಚಿಯ ನೆಪ

ರಜಾದಿನದ ಸಂಜೆ ಕುಮಟಾ, ಹೊನ್ನಾವರ, ಭಟ್ಕಳದ ಕಡಲತೀರಗಳಲ್ಲಿ ಕಾರಿನ ಡಿಕ್ಕಿ ತೆರೆದು, ಬೆಂಗಳೂರಿನಿಂದಲೋ ಗೋವೆಯಿಂದಲೋ ಬಂದ ಬಗೆಬಗೆಯ ಬಿಯರನ್ನು ಗೆಳೆಯರೊಡನೆ ಹಂಚಿಕೊಳ್ಳುವ ರೂಢಿ ಯುವಕರಲ್ಲಿ ಬೆಳೆಯುತ್ತಿದೆ. ‘ಇದು ಕುಡಿತವಲ್ಲ, ರುಚಿ ನೋಡುವುದಷ್ಟೆ’ ಎಂಬುದು ಅವರ ಸಮಾಧಾನ. ಯಕೃತ್ತು ಈ ಭೇದವನ್ನರಿಯದು. ಶೇಕಡಾ 5ರ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 25 ಗ್ರಾಂ ಮದ್ಯಸಾರವಿರುತ್ತದೆ. ಅದನ್ನು ಕರಗಿಸಲು ದೇಹಕ್ಕೆ ಮೂರು ಗಂಟೆಯಾದರೂ ಬೇಕು. ನಾಲ್ವರು ನಾಲ್ಕು ಬಾಟಲಿಗಳ ರುಚಿ ನೋಡಿದರೆ ತಲೆಗೊಂದು ಬಾಟಲಿಯೇ ಆಯಿತಲ್ಲ! ಅನಂತರ ಕತ್ತಲಲ್ಲಿ ಹೆದ್ದಾರಿ 66ರ ಪಯಣ. ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಗೆಳೆಯರ ಕೂಟವನ್ನು ನಾನು ಹಳಿಯಲಾರೆ. ಹಂಚಿ ಉಣ್ಣುವುದು ದಾಸೋಹದ ಸಂಸ್ಕಾರವೇ ಆಗಿದೆ. ಹಂಚುವ ವಸ್ತುವಿನ ಬಗೆಗೆ ಮಾತ್ರ ನನ್ನ ತಕರಾರು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಜನರಿಂದ ಬೇಡಿದ್ದು ಅವರ ದುಶ್ಚಟಗಳನ್ನು. ಮನೆಯ ಹಿರಿಯರಿಗೂ ಗದರಿಕೆಗಿಂತ ಆ ಬೇಡಿಕೆಯ ದಾರಿಯೇ ಲೇಸು. ಮಗನು ತೀರಕ್ಕೆ ಹೊರಟಾಗ ಡಿಕ್ಕಿಯಲ್ಲಿ ಮುರುಗಲು ಹಣ್ಣಿನ ಪಾನಕವನ್ನಿರಿಸಿರಿ. ಕುಡಿದವನ ಕೈಗೆ ಕಾರಿನ ಕೀಲಿಯನ್ನು ಕೊಡುವುದಿಲ್ಲವೆಂಬ ಮಾತನ್ನು ಅವನಿಂದ ಬೇಡಿ ಪಡೆಯಿರಿ.